ಮಾತೆಲ್ಲ ಮೇಷ್ಟ್ರದೇ ಆದರೆ ವಿಜ್ಞಾನ ತಲೆಗೆ ಹತ್ತೀತೆ?

ಭಾರದ ಲಾರಿಯೊಂದು ಪುಟ್ಟ ಕಾರಿಗೆ ಎದುರಿನಿಂದ ಡಿಕ್ಕಿ ಹೊಡೆಯುತ್ತದೆ. ಲಾರಿಯು ಕಾರಿನ ಮೇಲೆ ಹಾಕುವ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಹಾಕುವ ಬಲ ಹೆಚ್ಚೋ? ಎರಡೂ ಸಮ ಎಂಬುದು ನ್ಯೂಟನ್ನನ ಮೂರನೇ ನಿಯಮ ನೀಡುವ ಉತ್ತರ. ಕಾರು ಹೆಚ್ಚು ಜಖಂಗೊಳ್ಳುವುದಕ್ಕೆ ಕಾರಣ ಬಲದ ವ್ಯತ್ಯಾಸವಲ್ಲ, ಅದರ ಕಡಿಮೆ ದ್ರವ್ಯರಾಶಿ. ಆದರೆ ಈ ನಿಯಮವನ್ನು ಬಾಯಿಪಾಠ ಒಪ್ಪಿಸಿ, ಅದರ ಮೇಲಿನ ಲೆಕ್ಕಗಳನ್ನು ಸಲೀಸಾಗಿ ಬಿಡಿಸುವ ವಿದ್ಯಾರ್ಥಿಗಳಲ್ಲಿಯೂ ಅನೇಕರು 'ಲಾರಿಯದೇ ಹೆಚ್ಚು' ಎನ್ನುತ್ತಾರೆ.

ಅಂಕ ಗಳಿಸುವುದಕ್ಕೂ ಅರ್ಥ ಮಾಡಿಕೊಳ್ಳುವುದಕ್ಕೂ ನಡುವಿನ ಈ ಕಂದಕವನ್ನು ಮುಚ್ಚುವುದು ಹೇಗೆ? ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಬೋಧನೆಯ ಕುರಿತು ಕಳೆದ ನಾಲ್ಕು ದಶಕಗಳಲ್ಲಿ ನಡೆದಿರುವ ಸಂಶೋಧನೆಯ ಮುಖ್ಯ ಪ್ರಶ್ನೆ ಇದೇ.

ಹಾರ್ವರ್ಡ್ ತರಗತಿಯ ಪಾಠ

ಎರಿಕ್ ಮಜೂರ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರು. 1984ರಿಂದ ಪಾಠ ಹೇಳುತ್ತಿದ್ದ ಅವರನ್ನು ವಿದ್ಯಾರ್ಥಿಗಳು ಮೆಚ್ಚಿದ್ದರು. ಪರೀಕ್ಷೆಯ ಅಂಕಗಳೂ ಚೆನ್ನಾಗಿದ್ದವು. ಅರಿಜೋನಾದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನೆಸ್ 1985ರಲ್ಲಿ ಪ್ರಕಟಿಸಿದ್ದ ಲೇಖನಗಳನ್ನು 1990ರಲ್ಲಿ ಓದಿದ ಮಜೂರ್, ಅವರು ರೂಪಿಸಿದ್ದ ಪರಿಕಲ್ಪನಾ ಪರೀಕ್ಷೆಯನ್ನು ತಮ್ಮ ತರಗತಿಗೂ ನೀಡಿದರು. ಫಲಿತಾಂಶ ಅವರನ್ನು ಬೆಚ್ಚಿಬೀಳಿಸಿತು. ಕ್ಲಿಷ್ಟ ಲೆಕ್ಕ ಬಿಡಿಸುತ್ತಿದ್ದವರು ಸರಳ ಪ್ರಶ್ನೆಗಳಲ್ಲಿ ಎಡವಿದ್ದರು.

ಇದರ ಫಲವಾಗಿ 1991ರಲ್ಲಿ ರೂಪುಗೊಂಡದ್ದು ಸಹಪಾಠಿ ಬೋಧನೆ. ಅದರ ಕ್ರಮ ಹೀಗಿದೆ:

* ಒಂದು ಪರಿಕಲ್ಪನೆಯನ್ನು ಅಧ್ಯಾಪಕರು ಕೆಲವೇ ನಿಮಿಷ ವಿವರಿಸಿ, ಆಯ್ಕೆಗಳಿರುವ ಪ್ರಶ್ನೆಯೊಂದನ್ನು ಮುಂದಿಡುತ್ತಾರೆ. ಸೂತ್ರ ಬಳಸಿ ಉತ್ತರಿಸುವ ಪ್ರಶ್ನೆ ಅದಾಗಿರಬಾರದು.
* ಪ್ರತಿಯೊಬ್ಬರೂ ಒಂದೆರಡು ನಿಮಿಷ ಒಬ್ಬರೇ ಯೋಚಿಸಿ ಉತ್ತರವನ್ನು ಸೂಚಿಸುತ್ತಾರೆ.
* ಬಹುತೇಕರ ಉತ್ತರ ಸರಿಯಿದ್ದರೆ ಪಾಠ ಮುಂದುವರಿಯುತ್ತದೆ. ಬಹುತೇಕರು ತಪ್ಪಿದ್ದರೆ ಮತ್ತೆ ವಿವರಣೆ. ಇವೆರಡರ ನಡುವೆ ಇದ್ದರೆ, ಪಕ್ಕದವರಿಗೆ ತಮ್ಮ ಉತ್ತರವನ್ನು ಕಾರಣಸಹಿತ ಮನದಟ್ಟು ಮಾಡಿಸುವಂತೆ ವಿದ್ಯಾರ್ಥಿಗಳಿಗೆ ಸೂಚಿಸಲಾಗುತ್ತದೆ.
* ಚರ್ಚೆಯ ನಂತರ ಮತ್ತೆ ಉತ್ತರ ಪಡೆದು, ಕೊನೆಗೆ ಅಧ್ಯಾಪಕರು ವಿವರಿಸುತ್ತಾರೆ.

ಬಲ್ಲವನು ಹೇಳಿದ್ದನ್ನು ಉಳಿದವರು ನಕಲು ಮಾಡುತ್ತಾರಷ್ಟೆ ಎಂಬ ಆಕ್ಷೇಪ ಸಹಜ. ಕೊಲರಾಡೋ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ನೀಡಿದೆ. ಗುಂಪಿನಲ್ಲಿ ಒಬ್ಬರಿಗೂ ಸರಿಯುತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚಿದ್ದು ಅದರಲ್ಲಿ ಕಂಡುಬಂದಿತು.

ಅಂಕಿ ಅಂಶ ಹೇಳುವುದೇನು?

ರಿಚರ್ಡ್ ಹೇಕ್ 1998ರಲ್ಲಿ 62 ಭೌತಶಾಸ್ತ್ರ ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶವನ್ನು ಹೋಲಿಸಿದರು. ಕೋರ್ಸಿನ ಆರಂಭದಲ್ಲಿ ತಿಳಿಯದೇ ಇದ್ದುದರಲ್ಲಿ ಸಾಂಪ್ರದಾಯಿಕ ತರಗತಿಗಳು ಸರಾಸರಿ ಶೇ. 23ರಷ್ಟನ್ನು ಕಲಿಸಿದ್ದರೆ, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳು ಶೇ. 48ರಷ್ಟನ್ನು ಕಲಿಸಿದ್ದವು.

ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಬರೀ ಉಪನ್ಯಾಸ ನಡೆದ ತರಗತಿಗಳಲ್ಲಿ ಅನುತ್ತೀರ್ಣರ ಪ್ರಮಾಣ ಶೇ. 33.8, ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇ. 21.8. ವಿಜ್ಞಾನ ತಮ್ಮಿಂದಾಗದು ಎಂದು ಕೈಬಿಡುವ ಎಷ್ಟೋ ಮಕ್ಕಳ ಭವಿಷ್ಯ ಈ ಅಂತರದಲ್ಲಿ ಅಡಗಿದೆ.

ಮೋಸಗೊಳಿಸುವ ಸರಾಗ

ಹಾಗಿದ್ದರೂ ಉಪನ್ಯಾಸವೇ ಏಕೆ ಮೇಲುಗೈ ಸಾಧಿಸಿದೆ? 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಮತ್ತೊಂದು ಅಧ್ಯಯನ ಇದರ ಮೇಲೆ ಬೆಳಕು ಚೆಲ್ಲುತ್ತದೆ. ಒಂದೇ ವಿಷಯವನ್ನು ಒಂದು ಗುಂಪಿಗೆ ಸೊಗಸಾದ ಉಪನ್ಯಾಸದ ಮೂಲಕ, ಇನ್ನೊಂದಕ್ಕೆ ಸಮಸ್ಯೆಗಳನ್ನು ಬಿಡಿಸುವ ಮೂಲಕ ಕಲಿಸಲಾಯಿತು. ಪರೀಕ್ಷೆಯಲ್ಲಿ ಎರಡನೆಯ ಗುಂಪು ಮುಂದಿತ್ತು. ಆದರೆ ಹೆಚ್ಚು ಕಲಿತೆವೆಂಬ ಭಾವನೆ ಇದ್ದುದು ಉಪನ್ಯಾಸ ಕೇಳಿದವರಲ್ಲಿ! ಸರಾಗವಾಗಿ ಹರಿಯುವ ಮಾತು ತಿಳಿದಂತೆಯೇ ತೋರುತ್ತದೆ. ತಾನೇ ತಿಣುಕಾಡಿದವನಿಗೆ ತನ್ನ ಕೊರತೆಯೇ ಎದ್ದು ಕಾಣುತ್ತದೆ. 'ಪಾಠ ಚೆನ್ನಾಗಿತ್ತು' ಎಂಬ ಮಕ್ಕಳ ಮಾತಷ್ಟನ್ನೇ ನಂಬಿ ಬೋಧನೆಯನ್ನು ಅಳೆಯುವ ಪೋಷಕರೂ ಆಡಳಿತ ಮಂಡಳಿಗಳೂ ಇದನ್ನು ಗಮನಿಸಬೇಕು.

ಪುನರಾವರ್ತನೆಗೂ ಇದೇ ಮಾತು ಅನ್ವಯಿಸುತ್ತದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು.

ಹಾಗೆಂದು ಎಲ್ಲವನ್ನೂ ಮಕ್ಕಳೇ ಕಂಡುಕೊಳ್ಳಲಿ ಎಂದು ಬಿಟ್ಟುಬಿಡುವುದೂ ಸಲ್ಲದು. ಬೀಜಗಣಿತವನ್ನು ಹೊಸದಾಗಿ ಕಲಿಯುವವರಿಗೆ ಹಂತಹಂತವಾಗಿ ಬಿಡಿಸಿದ ಮಾದರಿ ಲೆಕ್ಕಗಳೇ ಹೆಚ್ಚು ನೆರವಾಗುತ್ತವೆ ಎಂಬುದನ್ನು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲೇ ತೋರಿಸಿದ್ದರು. ಮೊದಲು ಮಾದರಿ, ನಂತರ ಅರ್ಧ ಬಿಡಿಸಿದ ಲೆಕ್ಕ, ಕೊನೆಗೆ ಪೂರ್ಣ ಸ್ವತಂತ್ರ ಪ್ರಯತ್ನ ಎಂಬ ಕ್ರಮ ಸೂಕ್ತ.

ಖರ್ಚಿಲ್ಲದ ಸುಧಾರಣೆ

ಇದಕ್ಕೆ ಸ್ಮಾರ್ಟ್ ಬೋರ್ಡ್, ಕಂಪ್ಯೂಟರ್ ಅನಿವಾರ್ಯವಲ್ಲ. ಅರವತ್ತು ವಿದ್ಯಾರ್ಥಿಗಳ ಕೊಠಡಿಯಲ್ಲೂ ಎದೆಯ ಬಳಿ ಬೆರಳು ಹಿಡಿದು ಒಂದು, ಎರಡು, ಮೂರು ಎಂದು ಉತ್ತರ ಸೂಚಿಸಬಹುದು. ಪಕ್ಕದವರ ಬೆರಳು ನೋಡಿ ಉತ್ತರಿಸುವುದು ಆಗ ತಪ್ಪುತ್ತದೆ. ಬೇಕಿರುವುದು ಒಳ್ಳೆಯ ಪ್ರಶ್ನೆ, ಉತ್ತರಕ್ಕಾಗಿ ಕಾಯುವ ತಾಳ್ಮೆ, ತಪ್ಪು ಹೇಳಿದವರನ್ನು ಹೀಗಳೆಯದ ವಾತಾವರಣ. ಹೀಗೆ ಮಾಡಿದರೆ ಪಠ್ಯ ಮುಗಿಯುವುದಿಲ್ಲ ಎಂಬ ಅಧ್ಯಾಪಕರ ಆತಂಕ ನಿಜವಾದುದೇ. ವಾರಕ್ಕೆ ಒಂದೆರಡು ಪ್ರಶ್ನೆಗಳಿಂದ ಆರಂಭಿಸಿ, ಓದಿ ತಿಳಿಯಬಹುದಾದುದನ್ನು ಮನೆಗೆ ಬಿಟ್ಟು, ತೊಡಕಿನ ಭಾಗಕ್ಕೆ ತರಗತಿಯ ಸಮಯವನ್ನು ಮೀಸಲಿಡುವುದು ಇದಕ್ಕೆ ಪರಿಹಾರ. ಪಠ್ಯ ಮುಗಿದರೂ ಲಾರಿಯ ಬಲವೇ ಹೆಚ್ಚೆಂದು ನಂಬಿ ಹೊರಬೀಳುವ ವಿದ್ಯಾರ್ಥಿಗೆ ಆ ಪಠ್ಯ ಮುಗಿದೇ ಇಲ್ಲ.