ಕಂತಿನಲ್ಲಿ ಕೊಟ್ಟ ಕಿರಣ

ಕ್ಯಾನ್ಸರಿಗೆ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಬೇಕು ಎಂದಾಗ ರೋಗಿಯ ಮನೆಯವರು ಮೊದಲು ಕೇಳುವುದು ಎಷ್ಟು ದಿನ ಎಂದು. ವಾರಕ್ಕೆ 5 ದಿನದಂತೆ ಐದಾರು ವಾರ ಎಂಬ ಉತ್ತರ ಇಂದಿಗೂ ಅಪರೂಪವಲ್ಲ. ದಿನದ ಚಿಕಿತ್ಸೆ ಕೆಲವೇ ನಿಮಿಷಗಳದು. ಅಷ್ಟಕ್ಕೆ ಇಷ್ಟು ಅಲೆದಾಟವೇಕೆ, ಒಂದೇ ಸಲಕ್ಕೆ ಮುಗಿಸಬಾರದೇ ಎನಿಸುವುದು ಸಹಜ. ನೂರು ವರ್ಷದ ಹಿಂದೆ ಇದೇ ಪ್ರಶ್ನೆ ಯುರೋಪಿನ ವೈದ್ಯರನ್ನು ಎರಡು ಪಾಳಯ ಮಾಡಿತ್ತು. ಗಡ್ಡೆಯ ಸುತ್ತಲಿನ ಆರೋಗ್ಯವಂತ ಅಂಗಾಂಶಕ್ಕೆ ಸಿಕ್ಕ ದೊಡ್ಡ ರಕ್ಷಣೆ ಎರಡು ಕಂತುಗಳ ನಡುವಿನ ಬಿಡುವು ಎಂಬುದು ಆ ವಾದದಿಂದ ತಿಳಿದುಬಂದ ಸಂಗತಿ.

ವಿಚಿತ್ರವೆಂದರೆ ಕಂತಿನ ಪದ್ಧತಿ ಮೊದಲು ಬಂದದ್ದು ತಿಳಿವಳಿಕೆಯಿಂದಲ್ಲ, ಯಂತ್ರದ ಬಡತನದಿಂದ. ರಾಂಟ್ಜೆನ್ 1895ರಲ್ಲಿ ಎಕ್ಸ್ ಕಿರಣವನ್ನು ಕಂಡ ಮರುವರ್ಷವೇ ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಿಂಡ್, ಬೆನ್ನ ಮೇಲೆ ಕೂದಲು ತುಂಬಿದ ಮಚ್ಚೆಯಿದ್ದ ಬಾಲಕಿಗೆ ದಿನಕ್ಕೆ 2 ಗಂಟೆಯಂತೆ ಹಲವು ದಿನ ಕಿರಣ ಹಾಯಿಸಿದ. ಕೂದಲು ಉದುರಿತು, ಬೆನ್ನಿನಲ್ಲಿ ಆಳವಾದ ಹುಣ್ಣೂ ಆಯಿತು. ಕೂಲಿಜ್ 1913ರಲ್ಲಿ ಹೆಚ್ಚು ಶಕ್ತಿಯ, ನೆಚ್ಚಬಹುದಾದ ಎಕ್ಸ್ ಕಿರಣದ ಕೊಳವೆಯನ್ನು ರೂಪಿಸಿದ ಮೇಲೆ ಕಾಯುವ ಅಗತ್ಯ ತೀರಿದಂತೆ ಕಂಡಿತು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸೈಟ್ಸ್ ಮತ್ತು ವಿಂಟ್ಸ್ ಒಂದೇ ಭಾರಿ ಹೊಡೆತದ ಪರವಾಗಿ ನಿಂತರು. ಬಿಡುವು ಕೊಟ್ಟರೆ ಗಡ್ಡೆಯೂ ಚೇತರಿಸಿಕೊಳ್ಳುತ್ತದೆ ಎಂಬ ಆ ಪಾಳಯದ ತರ್ಕವನ್ನು ಸುಲಭಕ್ಕೆ ತಳ್ಳಿಹಾಕುವಂತಿರಲಿಲ್ಲ.

ಅದಕ್ಕೆ ಉತ್ತರ ಬಂದದ್ದು ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕ್ಲೋಡಿಯಸ್ ರೆಗೋನಿಂದ. ಸದಾ ಹೊಸ ಕೋಶಗಳನ್ನು ಹುಟ್ಟಿಸುವ ವೃಷಣವನ್ನು ಅವನು ಗಡ್ಡೆಗೆ ಹೋಲಿಕೆಯಾಗಿ ಹಿಡಿದ. ಟಗರು ಮೊದಲಾದ ಪ್ರಾಣಿಗಳ ವೃಷಣಕ್ಕೆ ಒಂದೇ ಸಲ ಕಿರಣ ಕೊಟ್ಟು ಸಂತಾನಶಕ್ತಿ ಅಳಿಸಹೊರಟರೆ ಮೇಲಿನ ಚರ್ಮ ಕೊಳೆಯುತ್ತಿತ್ತು. ದಿನಗಳ ಮೇಲೆ ಹಂಚಿ ಕೊಟ್ಟರೆ ಶಕ್ತಿ ಅಳಿಯುತ್ತಿತ್ತು, ಚರ್ಮ ಉಳಿಯುತ್ತಿತ್ತು. ಅದೇ ಸಂಸ್ಥೆಯ ಆಂರಿ ಕುಟಾರ್ ಇದನ್ನು ಗಂಟಲಿನ ಕ್ಯಾನ್ಸರಿಗೆ ಅನ್ವಯಿಸಿದ. ಬಲಿತ ಕ್ಯಾನ್ಸರ್ ಕೂಡ ಗಂಟಲ ಅಂಗಾಂಶಕ್ಕೆ ವಿಪರೀತ ಹಾನಿಯಿಲ್ಲದೆ ವಾಸಿಯಾಗಬಹುದೆಂದು 1922ರಲ್ಲಿ ರೋಗಿಗಳ ಫಲಿತಾಂಶವನ್ನೇ ಮುಂದಿಟ್ಟ.

ವೃಷಣ ಗಡ್ಡೆಯಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ರೆಗೋನ ಊಹೆಗೆ ಬಲ ಬಂದದ್ದು ಕುಟಾರ್‌ನ ರೋಗಿಗಳಿಂದ. ಕಾರಣ ಬಿಡಿಸಿ ಹೇಳಿದ್ದು ನಂತರದ ಜೀವವಿಜ್ಞಾನ: ಡಿಎನ್‌ಎಗೆ ಬಿದ್ದ ಪೆಟ್ಟನ್ನು ಆರೋಗ್ಯವಂತ ಕೋಶಗಳು ಬಿಡುವಿನಲ್ಲಿ ಸರಿಪಡಿಸಿಕೊಳ್ಳುತ್ತವೆ, ಬಹುಪಾಲು ಗಡ್ಡೆಗಳಿಗೆ ಆ ಕಸುವು ಕಡಿಮೆ. ಇನ್ನು, ಸ್ಟಾಕ್‌ಹೋಮ್‌ನಲ್ಲಿ 1968ರಿಂದ ಬಳಕೆಗೆ ಬಂದ ಗಾಮಾ ನೈಫ್ ಒಂದೇ ಸಲಕ್ಕೆ ಕೆಲಸ ಮುಗಿಸುತ್ತದಲ್ಲ ಎನ್ನಬಹುದು. ಅಲ್ಲಿ ಅನೇಕ ದಿಕ್ಕಿನ ಸಣ್ಣ ಕಿರಣಗಳು ಪುಟ್ಟ ಗುರಿಯೊಂದರಲ್ಲಿ ಕೂಡುವುದರಿಂದ ಭಾರಿ ಡೋಸಿಗೆ ಸಿಕ್ಕುವ ಒಳ್ಳೆಯ ಅಂಗಾಂಶವೇ ಅತ್ಯಲ್ಪ. ಕಾಲ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಜ್ಯಾಮಿತಿ ಮಾಡುತ್ತದೆ. ಸ್ತನ ಕ್ಯಾನ್ಸರಿನಲ್ಲಿ 25 ಕಂತುಗಳು 15ಕ್ಕೆ ಇಳಿದಿರುವುದೂ ನಿಜ. ಆದರೆ ಲೆಕ್ಕ ನೋಡಿ: ಬ್ರಿಟನ್ನಿನ ಪ್ರಯೋಗಗಳಲ್ಲಿ 25 ಕಂತಿನ ಒಟ್ಟು ಡೋಸು 50 ಗ್ರೇ (ವಿಕಿರಣ ಡೋಸಿನ ಏಕಮಾನ) ಇದ್ದರೆ, 15 ಕಂತಿನದು 40 ಗ್ರೇ. ಕಂತು ದಪ್ಪವಾದಷ್ಟೂ ಒಟ್ಟು ಮೊತ್ತ ಇಳಿಯಲೇಬೇಕಾಯಿತು. ಕಂತುಗಳನ್ನು ಕಡಿಮೆ ಮಾಡಿದ ವೈದ್ಯರೂ, ರೆಗೋನಂತೆಯೇ, ಪಕ್ಕದ ಒಳ್ಳೆಯ ಅಂಗಾಂಶ ಎಷ್ಟು ತಾಳೀತು ಎಂದು ಕೇಳಿಕೊಂಡೇ ಅಂಕಿ ಬರೆದರು.