ಉಪದೇಶಿಗೆ ಕಲಿಸಿದ್ದೇನು, ಕಲಿಸದೆ ಬಿಟ್ಟದ್ದೇನು?

ಚುಂಚನಕಟ್ಟೆಯಲ್ಲಿ ಕಾವೇರಿ ಎರಡು ಕವಲಾಗಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ದಡದ ಮೇಲೆ ಕೋದಂಡರಾಮನ ಗುಡಿ. ಹೊರಗೆ ಕಿವಿ ಕಿವುಡಾಗುವಂಥ ಭೋರ್ಗರೆತ. ಗರ್ಭಗುಡಿಯೊಳಗೆ ನಿಂತರೆ ಅದು ಕೇಳಿಸೋದೇ ಇಲ್ಲ ಅಂತ ಈ ಸೀಮೆಯ ಜನ ಹೇಳ್ತಾರೆ. ಊರಿಗೆ ಹೆಸರು ಬಂದದ್ದು ಚುಂಚ, ಚುಂಚಿ ಅನ್ನೋ ಕಾಡಿನ ಗಂಡ ಹೆಂಡಿರಿಂದ ಅಂತಲೂ ಹೇಳ್ತಾರೆ. ಹೆಸರು ಕಾಡಿನವರದು, ಗುಡಿ ರಾಮನದು, ಒಳಗೆ ನಿಲ್ಲುವ ಹಕ್ಕು ಪೂಜಾರಿಯದು. ಹೊರಗಿನ ಗದ್ದಲ ಒಳಗೆ ಕೇಳದಂಥ ಜಾಗ ಗುಡಿಯಲ್ಲಿ ಮಾತ್ರ ಇರೋದಲ್ಲ. ಚರ್ಚಿನಲ್ಲೂ ಇದೆ. ನಮ್ಮ ಸಂಘಟನೆಗಳಲ್ಲೂ ಇದೆ.

ನಾನು ಇಲ್ಲಿ ಹೇಳಹೊರಟದ್ದು ಚರ್ಚಿನ ಮಾತು. ಅದರಲ್ಲೂ ದೀಕ್ಷೆ ಪಡೆದ ಗುರುಗಳ ಮಾತಲ್ಲ. ಅವರ ಕೆಳಗೆ ನಿಂತು ಹಳ್ಳಿಯ ಸಭೆಯನ್ನು ನಡೆಸಿದ ಸಾಮಾನ್ಯರ ಮಾತು. ಉಪದೇಶಿ, ಮನೆಮನೆಗೆ ಹೋಗಿ ಬೈಬಲ್ ಓದಿಹೇಳುತ್ತಿದ್ದ ಹೆಂಗಸು, ಸಂಡೇ ಸ್ಕೂಲಿನ ಮೇಷ್ಟ್ರು, ಸಭೆಯ ಹಿರಿಯ. ಇವರಿಗೆ ಯಾರು ಕಲಿಸಿದರು, ಏನು ಕಲಿಸಿದರು, ಎಲ್ಲಿಗೆ ನಿಲ್ಲಿಸಿದರು? 'ಕಿರಸ್ತಾನರ ವಿಷಯ ನಮಗ್ಯಾಕಪ್ಪ' ಅಂತ ಕೆಲವು ಗೆಳೆಯರು ಕೇಳಬಹುದು. ಮೈಸೂರು, ಕೊಡಗಿನ ಹಳ್ಳಿಗಳಲ್ಲಿ ಈ ಸಭೆಗೆ ಸೇರಿದವರಲ್ಲಿ ಬಹಳ ಜನ ನಮ್ಮ ಕೇರಿಯವರೇ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಕ್ಷರ ಕಾಣದ ಕೇರಿಯಿಂದ ಒಬ್ಬ ಮುಂದಾಳನ್ನು ತಯಾರು ಮಾಡೋದು ಹೇಗೆ ಅನ್ನೋ ಪ್ರಶ್ನೆ ನಮ್ಮದೂ ಹೌದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಗ್ಲೆಂಡಿನ ರಾಜನ ಚರ್ಚಾದ ಆಂಗ್ಲಿಕನ್ ಸಭೆ ಹಳೇ ಮೈಸೂರಿಗೆ ಬಂದದ್ದು ಕೇರಿಗಾಗಿ ಅಲ್ಲ. ಮೈಸೂರಿನ ಸೇಂಟ್ ಬಾರ್ಥಲೋಮಿಯೋ ಚರ್ಚು 1830ರ ಸುಮಾರಿಗೆ ಎದ್ದದ್ದು ಕಂಪನಿಯ ಅಧಿಕಾರಿಗಳ ಪ್ರಾರ್ಥನೆಗೆ. ಹಳ್ಳಿಗಳಿಗೆ, ಜಾತ್ರೆಗಳಿಗೆ, ಸಂತೆಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿದವರು ವೆಸ್ಲಿಯನ್ ಮೆಥಡಿಸ್ಟರು. ಕೊಡಗು, ಮಂಗಳೂರು, ಧಾರವಾಡದ ಕಡೆ ಆ ಕೆಲಸ ಮಾಡಿದ್ದು ಬಾಸೆಲ್ ಮಿಷನ್. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಇತರ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಜಗತ್ತಿನ ಆಂಗ್ಲಿಕನ್ ಕೂಟದಲ್ಲಿ ಇವತ್ತು ಅದೂ ಒಂದು. ದೊರೆಗಳ ಚರ್ಚು ಒಂದು ಕವಲು, ಕೇರಿಯ ಚರ್ಚು ಇನ್ನೊಂದು ಕವಲು. ಎರಡೂ ಒಂದೇ ಹೊಳೆಗೆ ಬಿದ್ದವು. ನೀರು ಬೆರೆಯಿತೇ ಅನ್ನೋದೇ ಪ್ರಶ್ನೆ.

ಈಗ ಸ್ವಲ್ಪ ದೂರ ಹೋಗಿಬರೋಣ. ಈ ಮೆಥಡಿಸ್ಟರು ತಮ್ಮ ದೇಶದಲ್ಲಿ ಸಾಮಾನ್ಯರಿಗೆ ಏನು ಕಲಿಸಿದ್ದರು ಅಂತ ತಿಳಿದರೆ, ಇಲ್ಲಿ ಏನು ಕಲಿಸಲಿಲ್ಲ ಅಂತ ತಿಳೀತದೆ. 1742ರಲ್ಲಿ ಬ್ರಿಸ್ಟಲ್ ಊರಿನಲ್ಲಿ ಜಾನ್ ವೆಸ್ಲಿಯ ಸಭೆಯ ಕಟ್ಟಡಕ್ಕೆ ಸಾಲವಾಗಿತ್ತು. ತೀರಿಸಲಿಕ್ಕೆ ಒಂದು ಉಪಾಯ ಮಾಡಿದರು. ಸುಮಾರು ಹನ್ನೆರಡು ಜನರದೊಂದು ಗುಂಪು, ಗುಂಪಿಗೊಬ್ಬ ಮುಂದಾಳು, ಆತ ವಾರವಾರವೂ ತಲೆಗೊಂದು ಪೆನ್ನಿ ವಂತಿಗೆ ಎತ್ತಬೇಕು. ಸಾಲಕ್ಕಾಗಿ ಶುರುವಾದ ಈ ಗುಂಪೇ ಆಮೇಲೆ ಅವರ ಪಾಠಶಾಲೆಯಾಯಿತು. ನೇಕಾರ, ಗಣಿ ಕೂಲಿ, ಹೊಲದಾಳು ಮುಂದಾಳಾದ. ಲೆಕ್ಕ ಇಡೋದು ಕಲಿತ, ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡೋದು ಕಲಿತ, ಇಬ್ಬರ ಜಗಳ ಬಗೆಹರಿಸೋದು ಕಲಿತ.

ಇದರ ಫಲ ಎಲ್ಲಿ ಕಂಡಿತು? ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಎಂಬ ಹಳ್ಳಿಯಲ್ಲಿ. ಅಲ್ಲಿ ಜಮೀನ್ದಾರರು ಹೊಲದಾಳುಗಳ ವಾರದ ಕೂಲಿಯನ್ನು 9 ಶಿಲ್ಲಿಂಗಿನಿಂದ 7ಕ್ಕೆ ಇಳಿಸಿದರು, 6 ಮಾಡ್ತೀವಿ ಅಂದರು. ಜಾರ್ಜ್ ಲವ್‌ಲೆಸ್ ಅನ್ನೋ ಹೊಲದಾಳು ಸಂಘ ಕಟ್ಟಿದ. ಆತ ಮೆಥಡಿಸ್ಟರ ಹಳ್ಳಿ ಬೋಧಕ. ಸಂಬಳವಿಲ್ಲದೆ ಭಾನುವಾರ ಪ್ರಸಂಗ ಮಾಡುತ್ತಿದ್ದವ. 1834ರಲ್ಲಿ ಆತನಿಗೂ ಇನ್ನೈವರಿಗೂ 7 ವರ್ಷ ಗಡೀಪಾರು ಶಿಕ್ಷೆಯಾಗಿ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದರು. ಕೂಲಿಯ ಮಾತುಕತೆಗೆ ಸಾಕ್ಷಿಯಾಗಿದ್ದ ಊರಿನ ಆಂಗ್ಲಿಕನ್ ಪಾದ್ರಿ ಆಮೇಲೆ 'ನಾನು ಅಂಥ ಮಾತೇ ಕೇಳಿಲ್ಲ' ಅಂದುಬಿಟ್ಟನಂತೆ. ಹಾಗಂತ ಲವ್‌ಲೆಸನೇ ಬರೆದಿದ್ದಾನೆ. ದೇಶದ ತುಂಬ ಕೂಲಿಕಾರರು ಬೀದಿಗಿಳಿದ ಮೇಲೆ 1836ರಲ್ಲಿ ಸರ್ಕಾರ ಕ್ಷಮೆ ಕೊಡಬೇಕಾಯಿತು. ಪ್ರಾರ್ಥನೆಯ ಗುಂಪಿನಲ್ಲಿ ಕಲಿತ ಲೆಕ್ಕ, ಮಾತು, ಒಗ್ಗಟ್ಟು ಕೂಲಿಯ ಹೋರಾಟಕ್ಕೆ ಬಂತು. ಕಲಿಸಿದವರೂ ಹೀಗಾದೀತು ಅಂದುಕೊಂಡಿರಲಿಲ್ಲ.

ಲವ್‌ಲೆಸ್ ಹಡಗು ಹತ್ತಿದ ಮೂರು ವರ್ಷಕ್ಕೆ, 1837ರ ಸುಮಾರಿಗೆ, ಅದೇ ಮೆಥಡಿಸ್ಟರು ತುಮಕೂರು ಸೀಮೆಯ ಗುಬ್ಬಿಯಲ್ಲಿ ಕನ್ನಡದ ಕೆಲಸಕ್ಕೆ ನೆಲೆಯೂರಿದರು. ಆಮೇಲೆ ಮೈಸೂರಿಗೆ ಬಂದರು, ಹೈಸ್ಕೂಲು ತೆಗೆದರು, ಅಚ್ಚುಕೂಟ ತೆಗೆದರು, 1887ರಲ್ಲಿ 'ವೃತ್ತಾಂತ ಪತ್ರಿಕೆ' ತಂದರು. ಕನ್ನಡಕ್ಕೆ ಇದರಿಂದ ಲಾಭವೇ ಆಯಿತು, ಇಲ್ಲ ಅನ್ನೋ ಕೃತಘ್ನತೆ ನಮಗೆ ಬೇಡ. ಕುವೆಂಪು ಓದಿದ್ದೂ ಮೈಸೂರಿನ ಆ ಹೈಸ್ಕೂಲಿನಲ್ಲೇ. ಆದರೆ ದೊರೆಗಳ ಲೆಕ್ಕಾಚಾರ ಒಂದಿತ್ತು. ಮೇಲುಜಾತಿಯವರಿಗೆ ಇಂಗ್ಲಿಷು ಕಲಿಸಿದರೆ ಅವರು ಬರ್ತಾರೆ, ಅವರು ಬಂದರೆ ಊರೇ ಬರ್ತದೆ ಅಂತ. ಮೇಲಿನವರು ಇಂಗ್ಲಿಷು ಕಲಿತರು, ಅಮಲ್ದಾರರಾದರು, ವಕೀಲರಾದರು. ಚರ್ಚಿಗೆ ಬಂದವರು ಬೆರಳೆಣಿಕೆಯಷ್ಟು. ಬಂದದ್ದು ಹೊಲೆಗೇರಿ. 1876-78ರ ಬರದಲ್ಲಿ ತಾಯಿ ತಂದೆ ಸತ್ತು ಮಿಷನ್ನಿನ ಅನಾಥಾಲಯ ಸೇರಿದ ಮಕ್ಕಳು ಬಂದರು.

ಹೀಗೆ ಬಂದವರಿಗೆ ಸಿಕ್ಕ ಮೇಷ್ಟ್ರೇ ಉಪದೇಶಿ. ಬಹಳ ಸಲ ಆತನೂ ಕೇರಿಯವನೇ. ಒಂದಿಷ್ಟು ಓದು, ಬರಹ, ಲೆಕ್ಕ, ಬೈಬಲ್ಲಿನ ಕಥೆ, ಹತ್ತಾರು ಕೀರ್ತನೆ, ಇಷ್ಟೇ ಆತನ ಬಂಡವಾಳ. ಹಗಲು ಮಕ್ಕಳಿಗೆ ಅಕ್ಷರ, ರಾತ್ರಿ ದೊಡ್ಡವರಿಗೆ ಪ್ರಾರ್ಥನೆ, ಭಾನುವಾರ ಪ್ರಸಂಗ. ಊರ ಶಾಲೆಯ ಜಗುಲಿ ಕೂಡ ನಮ್ಮವರಿಗೆ ದಕ್ಕದ ಕಾಲದಲ್ಲಿ ಈತ ಕೇರಿಯ ಗುಡಿಸಲಲ್ಲಿ ಕೂತು 'ಅ ಆ ಇ ಈ' ತಿದ್ದಿಸಿದ. ಅದು ಸಣ್ಣ ಮಾತಲ್ಲ. ಬಿಟ್ಟಿ ಚಾಕರಿಯ ವಿರುದ್ಧ ಒಂದು ಅರ್ಜಿ ಬರೆಯಬೇಕಾದರೆ ಕೇರಿಯವರು ಓಡಿ ಬರುತ್ತಿದ್ದದ್ದು ಇಂಥವನ ಹತ್ತಿರಕ್ಕೇ.

ಆದರೆ ಮಿಷನ್ನಿನ ಏಣಿ ನೋಡಿ. ಮೇಲೆ ದೊರೆ, ಕೆಳಗೆ ದೇಶೀ ಗುರು, ಅದರ ಕೆಳಗೆ ಉಪದೇಶಿ, ಶಾಲೆ ಮೇಷ್ಟ್ರು, ಎಲ್ಲಕ್ಕೂ ಕೆಳಗೆ ಬೈಬಲ್ ಓದುವ ಹೆಂಗಸು. ಉಪದೇಶಿಯ ಸಂಬಳ ಗೊತ್ತು ಮಾಡೋದು ದೊರೆ, ವರ್ಗ ಮಾಡೋದು ದೊರೆ, ಯಾರಿಗೆ ದೀಕ್ಷಾಸ್ನಾನ ಕೊಡಬೇಕು ಅನ್ನೋದೂ ದೊರೆಯ ಮಾತು. ಬ್ರಿಸ್ಟಲಿನ ಗುಂಪಿನ ಮುಂದಾಳಿಗೆ ಅವರ ದೇಶದಲ್ಲಿ ಕೊಟ್ಟ ಲೆಕ್ಕದ ಪುಸ್ತಕವನ್ನು ಇಲ್ಲಿನ ಉಪದೇಶಿಗೆ ಕೊಡಲಿಲ್ಲ. ಓದುವ ಬಾಯಿ ಕೊಟ್ಟರು, ತೀರ್ಮಾನದ ಕೈ ಕೊಡಲಿಲ್ಲ. ಲವ್‌ಲೆಸನಂಥವನು ಯಾಕೆ ಇಲ್ಲಿ ಹುಟ್ಟಲಿಲ್ಲ ಅಂದರೆ ನಮ್ಮವರ ಎದೆಗಾರಿಕೆ ಕಮ್ಮಿಯಾಗಿ ಅಲ್ಲ. ಅಂಥವನನ್ನು ಹುಟ್ಟಿಸೋ ಪಾಠವನ್ನು ಸೀಮೆಯಲ್ಲೇ ಬಿಟ್ಟು ಬಂದಿದ್ದರು.

ಪಿರಿಯಾಪಟ್ಟಣ ದಾಟಿ ಕೊಡಗಿಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣದ ಕೂಲಿಗಳು ಕಾಫಿ ತೋಟಕ್ಕೆ ಹೋಗುವ ದಾರಿ ಅದು. ಅಲ್ಲಿನ ಹೊಲೆಯರು ಜೀತದವರು. ಭೂಮಿಜಮ್ಮದ ಹೊಲೆಯರು ಅಂದರೆ ಜಮೀನಿನ ಜೊತೆಯಲ್ಲೇ ಕೈಬದಲಾಗುವವರು. ಒಕ್ಕಲುಜಮ್ಮದವರನ್ನಾದರೆ ಜಮೀನು ಬಿಟ್ಟು ಬೇರೆಯಾಗಿಯೂ ಮಾರಬಹುದಿತ್ತು. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇಂಥವರಿಗಾಗಿ ಆನಂದಪುರ ಎಂಬ ಊರನ್ನೇ ಕಟ್ಟಿಸಿದ. 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗನೇ ಈತ. ಮಾರಾಟದ ವಸ್ತುವಾಗಿದ್ದ ಮನುಷ್ಯ ಅಲ್ಲಿ ತನ್ನ ಹೆಸರು ತಾನೇ ಬರೆದ. ಅಷ್ಟರಮಟ್ಟಿಗೆ ಅದು ಬಿಡುಗಡೆ. ಆದರೂ ಊರಿನ ಯಜಮಾನಿಕೆ ಮಿಷನ್ನಿನದೇ ಆಗಿತ್ತು. ಒಡೆಯ ಬದಲಾದ, ಒಳ್ಳೆಯ ಒಡೆಯ ಬಂದ, ಆದರೆ ಒಡೆಯ ಅನ್ನೋನು ಇದ್ದೇ ಇದ್ದ.

ಬೇರೆ ಥರ ಮಾಡೋಕೆ ಆಗ್ತಿರಲಿಲ್ಲವೇ? ಆಗ್ತಿತ್ತು. ನಮ್ಮ ನೆರೆಯ ತೆಲುಗು ನಾಡಿನ ದೋರ್ನಕಲ್ಲಿನಲ್ಲಿ 1912ರಲ್ಲಿ ವಿ.ಎಸ್. ಅಜರಯ್ಯ ಬಿಷಪ್ ಆದರು. ಆಂಗ್ಲಿಕನ್ ಸಭೆಗೆ ಮೊದಲ ಭಾರತೀಯ ಬಿಷಪ್ ಅವರೇ. ಮಾಲ, ಮಾದಿಗರ ಹಟ್ಟಿಗಳಿಂದ ಜನ ಹಿಂಡುಹಿಂಡಾಗಿ ಬಂದಾಗ ಅವರು ನೆಚ್ಚಿದ್ದು ಹಳ್ಳಿಯ ಮೇಷ್ಟ್ರುಗಳನ್ನು. ಗಂಡನ ಜೊತೆ ಹೆಂಡತಿಗೂ ಪಾಠ ಹೇಳಿಸಿದರು. ಸುವಾರ್ತೆ ಸಾರೋದು ಸಂಬಳದವನ ಕೆಲಸವಲ್ಲ, ಸ್ನಾನ ಪಡೆದ ಪ್ರತಿಯೊಬ್ಬನ ಕೆಲಸ ಅಂದರು. ಅಜರಯ್ಯನವರಲ್ಲೂ ಬಿಷಪ್ಪನ ಯಜಮಾನಿಕೆ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಅಕ್ಷರ ಬಾರದ ಮಾದಿಗ ಹೆಂಗಸೂ ತನ್ನ ಸಾಕ್ಷಿಯನ್ನು ತಾನೇ ಹೇಳಬಲ್ಲಳು ಅನ್ನೋ ನಂಬಿಕೆ ಅಲ್ಲಿತ್ತು.

ಕನ್ನಡದ ಗುರುಗಳ ತರಬೇತಿಗೆ ತುಮಕೂರಿನಲ್ಲಿ ಮಿಷನ್ನುಗಳು ಕೂಡಿ ನಡೆಸಿದ ಸೆಮಿನರಿ ಇತ್ತು, ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ಲಿನವರದು ಇತ್ತು. 1965ರಲ್ಲಿ ಎರಡೂ ಸೇರಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಬೆಂಗಳೂರಿನಲ್ಲಿ 1910ರಿಂದ ಇಂಗ್ಲಿಷಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. ಇಂಗ್ಲಿಷಿನಲ್ಲಿ ಓದಿದವನು ಮೇಲೆ, ಕನ್ನಡದಲ್ಲಿ ಓದಿದವನು ಕೆಳಗೆ, ಏನೂ ಓದದೆ ಭಾನುವಾರದ ಪ್ರಾರ್ಥನೆ ನಡೆಸೋನು ಲೆಕ್ಕಕ್ಕೇ ಇಲ್ಲ. ಇದು ಜಾತಿಯ ಏಣಿಯೇ, ಬಣ್ಣ ಮಾತ್ರ ಬೇರೆ.

ಇದೇ ಕಷ್ಟ ಜಗತ್ತಿನ ಬಡದೇಶಗಳಲ್ಲೆಲ್ಲ ಇತ್ತು. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಹಳ್ಳಿಯ ಹುಡುಗರನ್ನು ಪಟ್ಟಣದ ಸೆಮಿನರಿಗೆ ಕಳಿಸಿದರೆ ಅವರು ಹಳ್ಳಿಗೆ ವಾಪಸು ಬರ್ತಾ ಇರಲಿಲ್ಲ. ಹಳ್ಳಿಯಲ್ಲಿ ನಿಜವಾಗಿ ಸಭೆ ನಡೆಸೋರು ಹೊಲ, ಮಕ್ಕಳು ಬಿಟ್ಟು ಸೆಮಿನರಿಗೆ ಹೋಗೋಹಾಗಿರಲಿಲ್ಲ. 1963ರಲ್ಲಿ ಅಲ್ಲಿನವರು ಪದ್ಧತಿಯನ್ನೇ ತಿರುಗಿಸಿದರು. ಮೇಷ್ಟ್ರೇ ವಾರಕ್ಕೊಮ್ಮೆ ಹಳ್ಳಿಗೆ ಹೋಗೋದು, ಕಲಿಯೋನು ತನ್ನ ಕಸುಬು ಮಾಡಿಕೊಂಡೇ ಮನೆಯಲ್ಲಿ ಪಾಠ ಓದೋದು. 1970ರ ದಶಕದ ಆರಂಭದಲ್ಲಿ ಈ ಪದ್ಧತಿ ಬೆಂಗಳೂರಿಗೂ ಬಂತು. ಒಳ್ಳೆಯದೇ. ಆದರೆ ಓದಿನ ಪುಸ್ತಕ ಹಳ್ಳಿಗೆ ಹೋದರೆ ಸಾಲದು, ಅಧಿಕಾರವೂ ಹೋಗಬೇಕು.

ಇದರ ಮೇಲೆ ಇನ್ನೊಂದು ಗಾಯ. 1950ರ ರಾಷ್ಟ್ರಪತಿಗಳ ಆದೇಶ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ಸಡಿಲಿಸಿದರು. ಕ್ರೈಸ್ತನಾದ ದಲಿತನಿಗೆ, ಮುಸ್ಲಿಮನಾದ ದಲಿತನಿಗೆ ಸಡಿಲಿಸಲಿಲ್ಲ. ಊರಿನವನ ಕಣ್ಣಿಗೆ ಇನ್ನೂ ಹೊಲೆಯನೇ, ಮಾದಿಗನೇ. ಸರ್ಕಾರದ ಕಡತದಲ್ಲಿ ಮಾತ್ರ ಅಲ್ಲ. ಹೀಗಿರುವಾಗ ಓದಿದ ಹುಡುಗ ಸಭೆಯಲ್ಲಿ ಹಿರಿಯನಾಗಿ ನಿಲ್ಲೋದಕ್ಕೆ, ರಿಜಿಸ್ಟರಿನಲ್ಲಿ ಹೆಸರು ಬರೆಸೋದಕ್ಕೆ ಹೆದರ್ತಾನೆ. ಹೆಸರು ಬಂದರೆ ಸರ್ಟಿಫಿಕೇಟು ಹೋಗ್ತದೆ. ಮುಂದಾಳಾಗಬಲ್ಲವನನ್ನೇ ಕಾನೂನು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಚರ್ಚಿನ ಮೇಲಿನವರು ಈ ಹೆದರಿಕೆಯನ್ನು 'ನಂಬಿಕೆ ಸಾಲದು' ಅಂತ ಬೈದರೆ ಅದು ಗರ್ಭಗುಡಿಯ ಕಿವುಡು.

ಎದುರು ದನಿಗಳೂ ಎದ್ದವು. 1981ರಲ್ಲಿ ಬೆಂಗಳೂರಿನ ಅದೇ ಯುನೈಟೆಡ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರರ ದೇವಶಾಸ್ತ್ರ ಬೇಕು ಅಂತ ಮಾತಾಡಿದರು. ದಲಿತ ದೇವಶಾಸ್ತ್ರ ಅನ್ನೋದು ಅಲ್ಲಿಂದ ಬೆಳೆಯಿತು. ಸಿ.ಎಸ್.ಐ. 1976ರಲ್ಲಿ ಮೊದಲ ಸಲ ಹೆಂಗಸಿಗೆ ಗುರುದೀಕ್ಷೆ ಕೊಟ್ಟಿತು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಬಿಷಪ್ ಆದರು. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದ ಆ ಬೈಬಲ್ ಓದುವ ಹೆಂಗಸಿನಿಂದ ಇಲ್ಲಿಗೆ ಬರಲಿಕ್ಕೆ ನೂರು ವರ್ಷಕ್ಕೂ ಮೇಲೆ ಹಿಡಿಯಿತು.

ಹಾಗಾದರೆ ತರಬೇತಿ ಅಂದರೇನು? ನನ್ನ ಅಳತೆಗೋಲು ಮೂರು. ಒಂದು, ಕಾಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನುಗಳಿಗೆ ಹಗಲು ರಾತ್ರಿ ಬೆಂಕಿ ಹಾಕೋ ತಿಂಗಳಲ್ಲಿ ಪಟ್ಟಣದಲ್ಲಿ ಮೂರು ದಿನದ ಶಿಬಿರ ಇಟ್ಟರೆ ಅದಕ್ಕೆ ಬರೋನು ಯಾರು? ಕೂಲಿ ಬಿಟ್ಟು ಬರುವ ಹೆಂಗಸಿನ ಮೂರು ದಿನದ ಕೂಲಿ ಯಾರು ಕೊಡ್ತಾರೆ? ಎರಡು, ಮಾತು. ಕೇರಿಯ ಕನ್ನಡದಲ್ಲಿ ಪಾಠ ನಡೆಯುತ್ತದೋ ಇಲ್ಲವೋ. ಮೂರು, ಎಲ್ಲಕ್ಕಿಂತ ದೊಡ್ಡದು, ಪುಸ್ತಕ. ಪ್ರಾರ್ಥನೆಯ ಪುಸ್ತಕವಲ್ಲ, ಲೆಕ್ಕದ ಪುಸ್ತಕ. ಕಲಿತು ಬಂದವನಿಗೆ ಸಭೆಯ ಹಣ ಎಷ್ಟು, ಜಮೀನು ಎಲ್ಲಿದೆ, ಯಾರು ಅನುಭವಿಸ್ತಿದ್ದಾರೆ ಅಂತ ಕೇಳೋ ಹಕ್ಕಿದೆಯೇ? ಇಲ್ಲದಿದ್ದರೆ ಆತ ಕಲಿತದ್ದು ಚೆನ್ನಾಗಿ ಓದೋದನ್ನು ಮಾತ್ರ.

ಗೆಳೆಯರೆ, ಚರ್ಚಿನವರ ಕಡೆ ತೋರಿಸಿದ ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕು. 1970ರ ದಶಕದಲ್ಲಿ ಬೂಸಾ ಗಲಾಟೆಯ ಬೆಂಕಿಯ ನಂತರ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ನಾವೂ ಅಧ್ಯಯನ ಶಿಬಿರ ನಡೆಸಿದೆವು. ಕೇರಿಯ ಹುಡುಗರು ಹಾಡು ಕಲಿತರು, ಭಾಷಣ ಕಲಿತರು, ಬಾಬಾಸಾಹೇಬರನ್ನು ಓದಿದರು. ಆಮೇಲೆ? ಹಾಡೋನು ಹಾಡ್ತಾನೇ ಉಳಿದ, ಬ್ಯಾನರು ಕಟ್ಟೋನು ಕಟ್ತಾನೇ ಉಳಿದ, ಅಡುಗೆ ಮಾಡಿದ ಅಕ್ಕ ಒಲೆಯ ಮುಂದೆಯೇ ಉಳಿದಳು, ತೀರ್ಮಾನ ನಾಲ್ಕು ಜನರ ಕೋಣೆಯಲ್ಲಾಯಿತು. ಸಂಘಟನೆ ಒಡೆದಾಗ 'ಯಾಕೆ ಒಡೀತು' ಅಂತ ಕೇಳೋ ಹಕ್ಕು ಕೇರಿಗೆ ಸಿಗಲಿಲ್ಲ. ನಾವೂ ಉಪದೇಶಿಗಳನ್ನೇ ತಯಾರು ಮಾಡಿದೆವೇ?

ಕೇರಿಯಲ್ಲಿ ಪಾಠ ಹೇಳುವ ಮೇಷ್ಟ್ರುಗಳು, ಸಭೆಯಲ್ಲಿ ದುಡಿಯುವ ಅಕ್ಕ ಅಣ್ಣಂದಿರು, ನಮ್ಮ ಕಾರ್ಯಕರ್ತರು, ಮುಂದಿನ ಶಿಬಿರದಲ್ಲಿ ಮೊದಲ ದಿನವೇ ಒಂದು ಕೆಲಸ ಮಾಡಿ. ಲೆಕ್ಕದ ಪುಸ್ತಕವನ್ನು ನಡುಮನೆಗೆ ತರಿಸಿ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿಸಿ. ಓದೋದಕ್ಕೆ ಹೊಸದಾಗಿ ಕಲಿತವಳನ್ನೇ ಕೂರಿಸಿ. ತಪ್ಪು ಕಂಡರೆ ಕೇಳಲಿ. ಹೊಳೆಯ ಸದ್ದು ಒಳಗೂ ಕೇಳಲಿ.