ವಿದ್ಯಾಪೀಠವೂ ಪೌರಧರ್ಮವೂ

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿ ಜುಲೈ 27ರಂದು ಸ್ಥಾಪಿತವಾಯಿತು. ಅದಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪರೀಕ್ಷೆಯ ಅಧಿಕಾರ ಅಲ್ಲಿ. ಸ್ವಂತ ವಿದ್ಯಾಪೀಠವೊಂದು ದೊರೆತ ಮೇಲೆ, ಅದರಿಂದ ಹೊರಬರುವವರು ಎಂತಹ ಪ್ರಜೆಗಳಾಗಬೇಕೆಂಬುದನ್ನು ಸಂಸ್ಥಾನವೇ ಆಲೋಚಿಸಬೇಕಾಯಿತು. ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಹಾಕುವುದಷ್ಟೇ ಪದವಿಯ ಫಲವೆಂದಾದರೆ, ಅಷ್ಟಕ್ಕೆ ಮದರಾಸೇ ಸಾಕಾಗಿತ್ತು.

ಮೊದಲ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು 1920ರಲ್ಲಿ ದಿವಂಗತರಾದರು. ಮರುವರ್ಷ ಆ ಸ್ಥಾನಕ್ಕೆ ಬಂದವರು ವಂಗದೇಶದ ತತ್ತ್ವಜ್ಞ ಬ್ರಜೇಂದ್ರನಾಥ ಸೀಲರು. ಅಪಾರವಾಗಿ ಓದಿ ಅಲ್ಪವಾಗಿ ಬರೆದವರೆಂದು ಅವರ ಪ್ರಸಿದ್ಧಿ. 1915ರಲ್ಲಿ ಹೊರಬಂದ ಅವರ ಗ್ರಂಥವೊಂದು ಪ್ರಾಚೀನ ಹಿಂದೂಗಳ ಭೌತ ರಸಾಯನಾದಿ ವಿಚಾರಗಳನ್ನು ನಿರೂಪಿಸಿ, ಕಡೆಗೆ ಅವರು ಜ್ಞಾನವನ್ನು ಪರೀಕ್ಷಿಸುತ್ತಿದ್ದ ಕ್ರಮವನ್ನು ವಿವರಿಸುತ್ತದೆ. ಪೂರ್ವಿಕರನ್ನು ಹೊಗಳಿ ಸುಮ್ಮನಾಗುವ ಗ್ರಂಥಗಳಿಗೆ ಆಗಲೂ ಕೊರತೆಯಿರಲಿಲ್ಲ. ಸೀಲರದು ಬೇರೆ ಜಾತಿಯ ಕೃತಿ; ಪೂರ್ವಿಕರು ತಪ್ಪನ್ನು ಹೇಗೆ ಹಿಡಿಯುತ್ತಿದ್ದರೆಂಬುದರಲ್ಲಿಯೇ ಅವರ ಹಿರಿಮೆಯನ್ನು ಅದು ಕಂಡಿತು.

ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಗೆ ಮೂರು ಬಗೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೆಂದು ಒಂದು ಪಕ್ಷವನ್ನೂ ಸ್ಥಾಪಿಸದೆ ಪರರ ಪಕ್ಷವನ್ನು ಮುರಿಯುವುದಷ್ಟೇ ವಿತಂಡ. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಪೂರ್ವಪಕ್ಷವಾಗಿ ಮಂಡಿಸಿದ ಬಳಿಕವೇ ಸಿದ್ಧಾಂತಕ್ಕೆ ಬರುವುದು ಶಾಸ್ತ್ರಕಾರರ ಶಿಷ್ಟಾಚಾರ. ತರಗತಿಯಲ್ಲಿ ಅದು ಬುದ್ಧಿಯ ಶಿಕ್ಷಣ. ಸಭೆಯಲ್ಲಿ ಅದೇ ಪೌರಧರ್ಮ.

ಈ ಎರಡೂ ಒಬ್ಬರ ಕೈಯಲ್ಲಿ ಕೂಡಿದ್ದು ಮೈಸೂರಿನ ವಿಶೇಷ. ರಾಜ್ಯಾಂಗ ಸುಧಾರಣೆಗಾಗಿ 1922ರಲ್ಲಿ ನೇಮಕವಾದ ಸಮಿತಿಗೆ ಉಪಕುಲಪತಿಗಳಾದ ಸೀಲರೇ ಅಧ್ಯಕ್ಷರಾದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೊದಲಾದ ಪ್ರಜಾಪ್ರತಿನಿಧಿ ಸಭೆಯು ಅಲ್ಲಿಯವರೆಗೆ ಪ್ರಭುಗಳ ಅನುಗ್ರಹದಿಂದ ನಡೆಯುತ್ತಿತ್ತು. 1923ರ ಶಾಸನದಿಂದ ಅದಕ್ಕೆ ಕಾನೂನಿನ ಆಧಾರ ದೊರೆಯಿತು. ಹೊಸ ತೆರಿಗೆಗಳ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಆದರೆ ಕೇಳಿದ ಮಾತಿನಂತೆ ನಡೆಯಬೇಕೆಂಬ ನಿರ್ಬಂಧವಿರಲಿಲ್ಲ. ಮಂತ್ರಿಗಳು ಸಭೆಗೆ ಉತ್ತರವಾದಿಗಳಾಗಲಿಲ್ಲ. ತತ್ತ್ವಜ್ಞರು ಈ ಒಂದು ಹೆಜ್ಜೆಯನ್ನು ಹಿಂದೆಯೇ ಇಟ್ಟರೆನ್ನದೆ ವಿಧಿಯಿಲ್ಲ.

ಇನ್ನೊಂದು ಕೊರತೆ ಭಾಷೆಯದು. ಕಾಲೇಜಿನ ವಿಚಾರವೆಲ್ಲ ಇಂಗ್ಲಿಷಿನಲ್ಲಿ. ಕಂದಾಯದ ಕಷ್ಟ ಹೇಳಿಕೊಳ್ಳುವ ರೈತನ ಮಾತು ಕನ್ನಡದಲ್ಲಿ. ಪದವೀಧರನು ಕಲಿತ ವಿವೇಚನೆ ಅವನ ಸ್ವಂತ ಮನೆಯ ಜಗಲಿಯನ್ನೇ ಮುಟ್ಟದೆ ಹೋಗುವ ಅಪಾಯವಿತ್ತು. ಬಿ. ಎಂ. ಶ್ರೀಕಂಠಯ್ಯನವರಂತಹ ಅಧ್ಯಾಪಕರು ಇದನ್ನು ಬಲ್ಲರು. ಸೀಲರ ಅಧಿಕಾರಾವಧಿಯಲ್ಲಿಯೇ, 1927ರಲ್ಲಿ, ಕನ್ನಡ ಎಂ. ಎ. ತರಗತಿ ಆರಂಭವಾಯಿತು. ಇಂಗ್ಲಿಷ್ ಕನ್ನಡ ನಿಘಂಟು ವಿಶ್ವವಿದ್ಯಾನಿಲಯದಿಂದ ಪ್ರಕಟವಾಗುವ ಹೊತ್ತಿಗೆ 1946 ಬಂದಿತ್ತು. ಸೀಲರು ತೀರಿಕೊಂಡು ಎಂಟು ವರ್ಷಗಳಾಗಿದ್ದವು. ಅದರ ಮರುವರ್ಷ, 1947ರ ಅಕ್ಟೋಬರಿನಲ್ಲಿ, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪಿತವಾಯಿತು. ಅದಕ್ಕಾಗಿ ಬೀದಿಗಿಳಿದವರಲ್ಲಿ ಅದೇ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದರು.